ತಂಬುಳಿ ಇರಲಿ, ಭರವಸೆ ಬೇಡ

ಪರೀಕ್ಷೆ ಹತ್ರ ಬಂತು ಅಂದ್ರೆ ಸಾಕು, ನಮ್ಮ ಬಸವನಗುಡಿ ಮನೆಗಳಲ್ಲಿ ಒಂದೆಲಗದ ತಂಬುಳಿ ಶುರು. "ಬ್ರಾಹ್ಮಿ ಕಣೇ, ತಿನ್ನು, ಓದಿದ್ದು ತಲೇಲಿ ನಿಲ್ಲತ್ತೆ" ಅಂತ ಮಕ್ಕಳಿಗೆ ಬಲವಂತ. ಅತ್ತೆಯವರು ಹೆಸರು ಮರೀತಿದ್ದಾರಾ? ಅವರಿಗೂ ಅದೇ. ನನ್ನ ತಕರಾರು ತಂಬುಳಿ ಮೇಲಲ್ಲ ಕಣ್ರೀ, ಆ ಭರವಸೆ ಮೇಲೆ.

ಗಾಂಧಿ ಬಜಾರಿಂದ ಕಟ್ಟು ಕಟ್ಟಾಗಿ ತರೋ ದುಂಡೆಲೆಯ ಒಂದೆಲಗ ಬೇರೆ, ನೆನಪಿನ ಸಂಶೋಧನೆಗಳಲ್ಲಿ ಹೆಸರು ಮಾಡಿರೋ ನೀರುಬ್ರಾಹ್ಮಿ ಬೇರೆ. ಮೊದಲನೇದು ಸೆಂಟೆಲ್ಲಾ, ಎರಡನೇದು ಬಕೋಪಾ. ನಾವು ಎರಡನ್ನೂ ಬ್ರಾಹ್ಮಿ ಅಂತ ಕರೀತೀವಿ, ಅಷ್ಟೆ. ಒಬ್ಬಳ ಮಾರ್ಕ್ಸ್ ಕಾರ್ಡನ್ನ ಅದೇ ಹೆಸರಿನ ಇನ್ನೊಬ್ಬಳಿಗೆ ಕೊಟ್ಟ ಹಾಗಾಯ್ತು.

ನೀರುಬ್ರಾಹ್ಮಿಗೆ ಆಧಾರ ಇಲ್ಲ ಅಂತಲ್ಲ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 40ರಿಂದ 65 ವಯಸ್ಸಿನ 76 ಜನ ಇದ್ರು. ಮೂರು ತಿಂಗಳು ತಗೊಂಡವರಲ್ಲಿ ಹೊಸದಾಗಿ ಕಲಿತದ್ದು ಮರೆಯೋದು ಕಮ್ಮಿಯಾಯ್ತು. ಕಲಿಯೋ ವೇಗ ಮಾತ್ರ ಹೆಚ್ಚಲಿಲ್ಲ. ಒಂದೆಲಗದ ಹಲವು ಅಧ್ಯಯನಗಳನ್ನ 2017ರಲ್ಲಿ ಒಟ್ಟಿಗಿಟ್ಟು ನೋಡಿದಾಗ ಬುದ್ಧಿಶಕ್ತಿಗೆ ಹೇಳಿಕೊಳ್ಳೋಂಥ ಲಾಭವೇ ಕಾಣಲಿಲ್ಲ.

ಅಂದ್ರೆ, ಬೇರೆ ಗಿಡ, ಅಳತೆ ಮಾಡಿದ ಸಾರ, ದೊಡ್ಡವರು, ಮೂರು ತಿಂಗಳು. ನಾವು ಕೊಡೋದು ಹತ್ತು ದಿನದ ತಂಬುಳಿ, ಎಸ್ಸೆಸ್ಸೆಲ್ಸಿ ಮಗುವಿಗೆ. ರಾತ್ರಿ ಹನ್ನೊಂದರವರೆಗೆ ಓದಿಸಿ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸ್ತೀವಿ. ಓದಿದ್ದು ಗಟ್ಟಿಯಾಗೋದು ನಿದ್ದೇಲಿ. ಅದನ್ನ ಕಿತ್ಕೊಂಡು ಸೊಪ್ಪು ಕೊಟ್ರೆ ಏನು ಬಂತು?

"ನಮ್ಮಜ್ಜಿ ದಿನಾ ತಿಂದು ತೊಂಬತ್ತಕ್ಕೂ ಚುರುಕಾಗಿದ್ರು" ಅಂತೀರಿ. ನಿಜ ಇರಬಹುದು. ಅವರು ಎಂಟಕ್ಕೆ ಮಲಗ್ತಿದ್ರು, ದಿನಾ ನಡೀತಿದ್ರು, ಅದನ್ಯಾಕೆ ಲೆಕ್ಕಕ್ಕೆ ಹಿಡಿಯಲ್ಲ?

ನನಗೆ ನಿಜವಾಗಿ ಸಂಕಟ ಆಗೋದು ವಯಸ್ಸಾದವರ ವಿಷಯದಲ್ಲಿ. ಅರವತ್ತಕ್ಕೆ ಅರಳು ಮರಳು ಅಂತ ನಕ್ಕು, ಬ್ರಾಹ್ಮಿ ಲೇಹ್ಯ ಕೊಟ್ಟು ವರ್ಷ ಕಳೀತೀವಿ. ಮರೆವಿಗೆ ಥೈರಾಯ್ಡ್ ಕಾರಣ ಇರಬಹುದು. ಬಿ12 ಕೊರತೆ ಇರಬಹುದು. ಮಾಂಸ ಮೊಟ್ಟೆ ಮುಟ್ಟದ ನಮ್ಮಂಥ ಮನೆಗಳಲ್ಲಿ ಅದು ಸಾಮಾನ್ಯ. ಎರಡೂ ಒಂದು ರಕ್ತಪರೀಕ್ಷೇಲಿ ಗೊತ್ತಾಗತ್ತೆ, ಎರಡಕ್ಕೂ ಔಷಧಿ ಇದೆ. ಬಿ12 ಕೊರತೆ ತುಂಬಾ ದಿನ ಬಿಟ್ರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೇ ಇರಬಹುದು. ಬೇರೇನೋ ಕಾಯಿಲೆ ಅಂತ ಅನುಮಾನ ಬಂದ್ರೆ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ.

ಹಾಗಾಗಿ ಒಂದೆಲಗ ತನ್ನಿ. ಕಾಯಿತುರಿ, ಮೆಣಸು, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ, ಬಿಸಿ ಅನ್ನಕ್ಕೆ ಕಲಸಿ. ರುಚಿಗೆ ತಿನ್ನಿ. ಮಗೂನ ಹತ್ತು ಗಂಟೆಗೆ ಮಲಗಿಸಿ, ಅತ್ತೇನ ನಾಳೇನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ.