ಅರ್ಧ ಬೆಲೆಗೆ ಸಿಕ್ಕ ಶೇರು ಅಗ್ಗವೇ?

2024ರ ದೀಪಾವಳಿಗೆ ಪುಣೆಯಿಂದ ಗದಗಿಗೆ ಹೋದಾಗ ಅಪ್ಪ ಬ್ಯಾಗ್ ಇಳಿಸುವ ಮೊದಲೇ ಕೇಳಿದರು: ‘ಮೂರು ರೂಪಾಯಿ ಶೇರು ಎರಡು ಲಕ್ಷ ಆತಂತಲ್ಲೋ, ಅಂಥಾದ್ದು ನನಗೂ ಒಂದು ಹುಡುಕಿಕೊಡು.’ ನಿವೃತ್ತಿಯ ಹಣದಲ್ಲಿ ಐದು ಲಕ್ಷವನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು.

ಸುದ್ದಿ ಸುಳ್ಳಲ್ಲ. ಆ ಅಕ್ಟೋಬರ್ 29ರಂದು ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಎಂಬ ಹೂಡಿಕೆ ಕಂಪನಿಯ ಶೇರು ಬಿಎಸ್‌ಇಯಲ್ಲಿ 3.53 ರೂಪಾಯಿಯಿಂದ 2,36,250 ರೂಪಾಯಿಗೆ ಜಿಗಿದಿತ್ತು. ಆದರೆ ಆ ಸಂಪತ್ತು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಕಂಪನಿಯ ಕೈಯಲ್ಲಿ ಏಷ್ಯನ್ ಪೇಂಟ್ಸ್ ಶೇರುಗಳು ಮೊದಲಿನಿಂದಲೂ ಇದ್ದವು. ಅಷ್ಟು ಬೆಲೆಬಾಳುವುದನ್ನು ಮೂರು ರೂಪಾಯಿಗೆ ಮಾರಲು ಯಾರೂ ಸಿದ್ಧರಿರಲಿಲ್ಲ, ಹಾಗಾಗಿ ವಹಿವಾಟೇ ನಡೆಯುತ್ತಿರಲಿಲ್ಲ. ಇಂಥ ಕಂಪನಿಗಳ ಸರಿಯಾದ ಬೆಲೆ ಗೊತ್ತಾಗಲೆಂದು ಸೆಬಿ ವಿಶೇಷ ಹರಾಜಿಗೆ ದಾರಿ ಮಾಡಿಕೊಟ್ಟಿತು. ಬದಲಾದದ್ದು ಫಲಕದ ಮೇಲಿನ ಅಂಕಿ, ಒಳಗಿನ ಆಸ್ತಿಯಲ್ಲ.

ಅಪ್ಪನಿಗೆ ಬುದ್ಧಿ ಹೇಳುವ ಮೊದಲು ನನ್ನ ಪೆದ್ದುತನವನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನೂ ಇಂಥದ್ದೊಂದು ಕಂಪನಿಯ ಶೇರು ಕೊಂಡಿದ್ದೆ. ಎಂಟೆಕ್ ಮಾಡಿದ ಸೊಕ್ಕು. ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕಿದೆ. ಅದರ ಬಳಿಯಿದ್ದ ಆಸ್ತಿ ಶೇರೊಂದಕ್ಕೆ 100 ರೂಪಾಯಿಯಷ್ಟಿದ್ದರೆ ಪೇಟೆಯಲ್ಲಿ ಅದು 45ಕ್ಕೆ ಸಿಗುತ್ತಿತ್ತು ಎಂದಿಟ್ಟುಕೊಳ್ಳಿ. 55 ರೂಪಾಯಿ ಪುಕ್ಕಟೆ ಎಂದುಕೊಂಡೆ. ಆಸ್ತಿ 112ಕ್ಕೆ ಬೆಳೆಯಿತು, ಆದರೆ ರಿಯಾಯಿತಿಯೂ ಶೇಕಡ 55ರಿಂದ 65ಕ್ಕೆ ಹಿಗ್ಗಿತು. ಶೇರಿನ ಬೆಲೆ 39 ಚಿಲ್ಲರೆ. ಲೆಕ್ಕ ಸರಿಯಿತ್ತು, ನಷ್ಟ ನನಗಾಯಿತು.

ಈ ರಿಯಾಯಿತಿಗೆ ಕಾರಣವಿದೆ. ಇಂಥ ಹೆಚ್ಚಿನ ಕಂಪನಿಗಳು ಸಮೂಹದ ಮೇಲೆ ಪ್ರವರ್ತಕರ ಹಿಡಿತ ಉಳಿಸಿಕೊಳ್ಳಲೆಂದೇ ಇವೆ. ಒಳಗಿರುವ ಶೇರುಗಳನ್ನು ಅವರು ಸುಲಭಕ್ಕೆ ಮಾರುವುದಿಲ್ಲ. ಮಾರಿದರೂ ಮೊದಲು ತೆರಿಗೆ ಕಟ್ಟಬೇಕು. ಹಾಗಾಗಿ ಸಣ್ಣ ಹೂಡಿಕೆದಾರನ ಕೈಗೆ ಬರುವುದು ಮುಖ್ಯವಾಗಿ ಲಾಭಾಂಶ ಮಾತ್ರ.

ಲಾಭದ ಅಂಕಿಯನ್ನೂ ಎಚ್ಚರದಿಂದ ಓದಬೇಕು. ನಮ್ಮ ಪುಣೆಯ ಬಜಾಜ್ ಹೋಲ್ಡಿಂಗ್ಸ್ ಅನ್ನೇ ನೋಡಿ. ಬಜಾಜ್ ಆಟೊ, ಬಜಾಜ್ ಫಿನ್‌ಸರ್ವ್ ಎರಡರಲ್ಲೂ ಅದಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪಾಲಿದೆ. ಕ್ರೋಡೀಕೃತ ಲೆಕ್ಕಪತ್ರದಲ್ಲಿ ಆ ಕಂಪನಿಗಳ ಲಾಭದ ಪಾಲೂ ಸೇರುತ್ತದೆ, ಆದರೆ ಅದಷ್ಟೂ ನಗದಾಗಿ ಬಂದಿರುವುದಿಲ್ಲ. ಬಂದ ಲಾಭಾಂಶ ಎಷ್ಟೆಂದು ತಿಳಿಯಲು ಕಂಪನಿಯ ಸ್ವತಂತ್ರ ಲೆಕ್ಕಪತ್ರ ತೆರೆಯಬೇಕು. ಕ್ರೋಡೀಕೃತ ಲಾಭವನ್ನಷ್ಟೇ ಹಿಡಿದು ಪಿಇ ಅನುಪಾತ ಲೆಕ್ಕ ಹಾಕಿದರೆ ಶೇರು ಎಷ್ಟೋ ಅಗ್ಗವಾಗಿ ಕಾಣುತ್ತದೆ.

ಎಲ್ಲ ಕೇಳಿದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: ‘ಉತಾರದಾಗ ಹೆಸರು ಐತಿ, ಆದ್ರ ಜ್ವಾಳದ ಚೀಲ ಮನಿಗೆ ಬರೂದಿಲ್ಲ ಅಂದಂಗಾತು.’ ನನ್ನ ಎಕ್ಸೆಲ್ ಹಾಳೆಗೆ ಈ ಮಾತು ಹೊಳೆದಿರಲಿಲ್ಲ.

ಹೂಡಿಕೆ ಕಂಪನಿಗಳೆಲ್ಲ ಕೆಟ್ಟವು ಎನ್ನುತ್ತಿಲ್ಲ. ಒಳಗಿನ ವ್ಯವಹಾರ ಗಟ್ಟಿಯಿದ್ದು, ಲಾಭಾಂಶ ವರ್ಷವರ್ಷ ಕೈಸೇರುತ್ತಿದ್ದು, ಹತ್ತು ವರ್ಷ ಕಾಯುವ ಶಕ್ತಿಯಿದ್ದರೆ ಕೊಳ್ಳಬಹುದು. ರಿಯಾಯಿತಿ ಎಂದೂ ಕರಗದು ಎಂದೇ ಲೆಕ್ಕ ಹಾಕಿ. ಆಗಲೂ ಹೂಡಿಕೆ ಸರಿಯೆನಿಸಿದರೆ ಮಾತ್ರ ಮುಂದುವರಿಯಿರಿ.

ಊರಲ್ಲಿರುವವರಿಗೆ ಮುಂಬೈ, ಪುಣೆಯಲ್ಲಿ ದುಡಿಯುವ ನಾವೆಲ್ಲ ಶೇರುಪೇಟೆಯ ಪಂಡಿತರು. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನಾವು ಊರಿಗೆ ದಾಟಿಸಿದರೆ ಅವರು ನಂಬುತ್ತಾರೆ. ನಮ್ಮ ತಪ್ಪಿಗೆ ಮುಂದಿನ ತಿಂಗಳ ಸಂಬಳವಿದೆ, ಅವರಿಗಿಲ್ಲ. ಅಪ್ಪನ ಐದು ಲಕ್ಷ ಈಗ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಬಂದಾಗ ನನಗೆ ಫೋನ್ ಮಾಡಿ ಹೇಳುತ್ತಾರೆ: ‘ಚೀಲ ಬಂತಪ್ಪ.’