ಕುರಿ ಕಂದು ಹಾಕಿದರೆ: ಲಸಿಕೆ ಕರುವಿಗೆ, ಎಚ್ಚರಿಕೆ ನಮಗೆ



2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದ ಹೆಸರು ನೀವು ಕೇಳಿರಬಹುದು. ಕಾಲುಬಾಯಿ ಜ್ವರವನ್ನೂ ಕಂದುರೋಗ ಎಂದರೆ ಬ್ರುಸೆಲ್ಲೋಸಿಸನ್ನೂ ಹತೋಟಿಗೆ ತರುವುದು ಅದರ ಗುರಿ. ಆದರೆ ಅದರಲ್ಲಿ ಕಂದುರೋಗದ ಲಸಿಕೆ ಇರುವುದು ಆಕಳು, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷ ದಾಟಿತ್ತು. ಇಷ್ಟು ಕುರಿಗಳು ಈ ಲಸಿಕೆಯ ಹೊರಗಿವೆ.

ಹಾಗಾದರೆ ಕರುವಿನ ಲಸಿಕೆಯನ್ನೇ ಕುರಿಗೂ ಹಾಕಿಸಬಾರದೇಕೆ? ಎರಡರ ರೋಗಾಣುವೂ ಒಂದೇ ಅಲ್ಲ. ಕುರಿ, ಮೇಕೆಗಳಲ್ಲಿ ಮುಖ್ಯವಾಗಿ ಕಾಣುವುದು ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ಜಾತಿ. ಮನುಷ್ಯನಿಗೆ ಹೆಚ್ಚು ಅಪಾಯಕಾರಿಯಾದದ್ದೂ ಇದೇ. ಇದಕ್ಕೆ ಹೊರದೇಶಗಳಲ್ಲಿ ರೆವ್-1 ಎಂಬ ಲಸಿಕೆ ಬಳಕೆಯಲ್ಲಿದೆ. ಆದರೆ ಗಬ್ಬದ ಕುರಿಗೆ ಹಾಕಿದರೆ ಅದೇ ಕಂದು ಹಾಕಿಸಬಲ್ಲದು. ಚುಚ್ಚುವವರಿಗೂ ಸೋಂಕು ತಗಲಬಲ್ಲದು. ಆದುದರಿಂದ ಸದ್ಯಕ್ಕೆ ಮಂದೆಯ ರಕ್ಷಣೆ ಕುರಿಗಾರನ ಕೈಯಲ್ಲೇ ಇದೆ.

ಕಂದು ಹಾಕಿದ ಕುರಿಗೆಲ್ಲ ಬ್ರುಸೆಲ್ಲೋಸಿಸ್ ಇದೆಯೆಂದೂ ತಿಳಿಯಬಾರದು. ಕ್ಲಮೈಡಿಯಾ, ಕ್ಯಾಂಪೈಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಕ್ಯೂ ಜ್ವರ, ಬೆಕ್ಕಿನ ಮಲದಿಂದ ಮೇವು ನೀರಿಗೆ ಸೇರುವ ಟಾಕ್ಸೊಪ್ಲಾಸ್ಮಾ, ಇವೆಲ್ಲ ಕಂದು ಹಾಕಿಸುತ್ತವೆ. ಪಿಪಿಆರ್ ಮತ್ತು ನೀಲಿನಾಲಿಗೆ ರೋಗ ಬಂದ ಮಂದೆಯಲ್ಲೂ ಗಬ್ಬ ನಿಲ್ಲದೆ ಹೋಗುವುದುಂಟು. ಹೊರನೋಟಕ್ಕೆ ಎಲ್ಲವೂ ಒಂದೇ ಬಗೆ. ಪರೀಕ್ಷೆಯಿಲ್ಲದೆ ಕಾರಣ ತಿಳಿಯದು; ಕಾರಣ ತಿಳಿಯದೆ ಕೊಟ್ಟ ಔಷಧಿ ಬರಿಯ ಖರ್ಚು.

ನಮ್ಮಲ್ಲಿ ಆಗುವ ದೊಡ್ಡ ಅನಾಹುತ ಸಂತೆಯಲ್ಲಿ. ಕಂದು ಹಾಕಿದ ಕುರಿಯನ್ನು ಮುಂದಿನ ವಾರವೇ ಮಾರುತ್ತೇವೆ. ಕೊಂಡವನು ತನ್ನ ಮಂದೆಗೆ ಬಿಡುತ್ತಾನೆ. ಬ್ರುಸೆಲ್ಲೋಸಿಸ್ ತಗಲಿದ ಕುರಿ ಮುಂದಿನ ಸಲ ದಿನ ತುಂಬಿ ಈದರೂ ಸತ್ತೆ, ಸ್ರಾವ, ಹಾಲುಗಳಲ್ಲಿ ರೋಗಾಣುವನ್ನು ಹೊರಬಿಡುತ್ತಿರಬಹುದು. ಒಬ್ಬರ ನಷ್ಟ ಹೀಗೆ ಹತ್ತು ಹಟ್ಟಿಗೆ ಹರಡುತ್ತದೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುವ ರೈತರೂ ಇದನ್ನು ಗಮನಿಸಬೇಕು.

ನೀವು ಮಾಡಬೇಕಾದದ್ದು ಇಷ್ಟು:

1. ಕಂದು ಹಾಕಿದ ಕುರಿಯನ್ನು ಕೂಡಲೇ ಬೇರ್ಪಡಿಸಿ. ಪರೀಕ್ಷೆಯ ಫಲ ಬರುವವರೆಗೆ ಮಾರಬೇಡಿ.

2. ಕಂದು, ಸತ್ತೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗರ್ಭಿಣಿಯರು ಹತ್ತಿರ ಸುಳಿಯಬಾರದು.

3. ಪಶುವೈದ್ಯರಿಗೆ ಅಥವಾ 1962ಕ್ಕೆ ತಿಳಿಸಿ. ಅವರು ಮಾದರಿ ತೆಗೆದುಕೊಂಡ ಮೇಲೆ ಉಳಿದದ್ದನ್ನು ನಾಯಿಗಳು ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

4. ಹೊಸ ಕುರಿ, ಟಗರುಗಳನ್ನು ರಕ್ತ ಪರೀಕ್ಷೆ ಮಾಡಿಸದೆ ಮಂದೆಗೆ ಸೇರಿಸಬೇಡಿ.

5. ಹಾಲನ್ನು ಕಾಯಿಸದೆ ಕುಡಿಯಬೇಡಿ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದ್ದರೆ ಕುರಿ ಸಾಕಿರುವುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಇನ್ನು ಕಾನೂನಿನ ಮಾತು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗೆಗಿನ 2009ರ ಕೇಂದ್ರ ಕಾಯಿದೆಯ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್ ಇದೆ. ರೋಗದ ಅನುಮಾನ ಬಂದರೆ ಮಾಲೀಕನು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಲೇಬೇಕು. ತಿಳಿಸುವ ಹೊಣೆ ಕುರಿಗಾರನದಾದರೆ ಬೇಗ ಪರೀಕ್ಷೆ ಮಾಡಿಸಿ ಉತ್ತರ ಕೊಡುವ ಹೊಣೆ ಸರಕಾರದ್ದು. ಹೇಳಿದವನಿಗೆ ನಷ್ಟ, ಮುಚ್ಚಿಟ್ಟು ಮಾರಿದವನಿಗೆ ಲಾಭ ಎಂಬಂತಾದರೆ ಯಾವ ಕಾಯಿದೆಯೂ ನಡೆಯದು. ನಿಮ್ಮ ಕುರಿ ಸಾಕಣೆದಾರರ ಸಂಘದ ಮುಂದಿನ ಸಭೆಯಲ್ಲಿ ಈ ಮಾತು ಚರ್ಚೆಗೆ ಬರಲಿ. ಮಂದೆಯ ರಕ್ತ ಪರೀಕ್ಷೆಗೆ ಸಂಘದಿಂದಲೇ ಅರ್ಜಿ ಹೋಗಲಿ.