ರಾಮದೇವರ ಬೆಟ್ಟದಲ್ಲಿ ಒಂದು ಸಾಯಂಕಾಲ

ಚೈತ್ರಮಾಸದ ಒಂದು ಸಾಯಂಕಾಲ ನಾವು ರಾಮನಗರದ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಕುಳಿತಿದ್ದೆವು. ಹೊಂಗೆಯ ಎಳೆದಳಿರಿನ ಮರೆಯಲ್ಲಿ ಕೋಗಿಲೆ ಕೂಗುತ್ತಿದ್ದಿತು. ಪಿಕಳಾರಗಳು ಪೊದೆಯಿಂದ ಪೊದೆಗೆ ಹಾರುತ್ತಿದ್ದುವು. ನಮ್ಮ ದೃಷ್ಟಿಯಾದರೋ ಮೇಲಣ ಕಡಿದಾದ ಬಂಡೆಯಲ್ಲಿಯೇ ನೆಟ್ಟಿದ್ದಿತು. ಹೊತ್ತು ಮುಳುಗುವ ವೇಳೆಗೆ ಉದ್ದಕೊಕ್ಕಿನ ರಣಹದ್ದೊಂದು ರೆಕ್ಕೆಯಲುಗಿಸದೆ ತೇಲಿಬಂದು ಅಲ್ಲಿ ಇಳಿಯಿತು. ನಾವು ಕಂಡದ್ದು ಅದೊಂದನ್ನೇ!

ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು, ಸತ್ತ ದನದ ಮಾಂಸದೊಡನೆ ಇದರ ಹೊಟ್ಟೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ಕುಲವನ್ನೇ ಅಳಿಸುತ್ತ ಬಂದಿತು. ಪಶುಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷಿದ್ಧವಾಯಿತು. 2012ರಲ್ಲಿ ಈ ಬೆಟ್ಟವು ರಣಹದ್ದುಗಳ ಅಭಯಧಾಮವಾಯಿತು. ಉಳಿದ ಕಾರ್ಯವು ಗೃಹಸ್ಥರದು. ಕೊಟ್ಟಿಗೆಯಲ್ಲಿ ಹಸುವುಳ್ಳವರು, ಹದ್ದಿಗೆ ಕೇಡಿಲ್ಲದ ಮೆಲಾಕ್ಸಿಕಾಮನ್ನೇ ಪಶುವೈದ್ಯರಲ್ಲಿ ಕೇಳಲಿ. ಆ ಬಂಡೆ ಬರಿದಾಗದಿರಲಿ.